ಬಿಸಿಲನ್ನು ರಾತ್ರಿಗೆ ಉಳಿಸುವ ಕೆಲಸ: ಹಲವು ದೇಶಗಳು ಕೂಡಿ ಕಲಿತದ್ದು ಹೇಗೆ?

1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ಬಿಗಿ ಮಾಡಿದಾಗ ಯುರೋಪ್, ಅಮೆರಿಕ ಎರಡೂ ಕಂಗಾಲಾದವು. ಮರುವರ್ಷ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು. 1977ರಲ್ಲಿ ಅದರ ಅಡಿಯಲ್ಲೇ ಕೆಲವು ದೇಶಗಳು ಸೌರ ಉಷ್ಣ ವಿದ್ಯುತ್ತಿಗೆ ಕೈಜೋಡಿಸಿದವು. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಆ ಕಾವಿನಿಂದ ಹಬೆ ಎಬ್ಬಿಸಿ, ಟರ್ಬೈನ್ ತಿರುಗಿಸುವ ವಿಧಾನ ಇದು. ಚಾವಣಿ ಮೇಲಿನ ಪ್ಯಾನೆಲ್‌ಗೂ ಇದಕ್ಕೂ ಸಂಬಂಧವಿಲ್ಲ. ಇಂದು ಸೋಲಾರ್‌ಪೇಸಸ್ ಎಂದು ಕರೆಯುವ ಕೂಟದ ಬೇರು ಅಲ್ಲಿದೆ.

ಜಾಗ ಸಿಕ್ಕಿದ್ದು ಸ್ಪೇನ್‌ನ ಅಲ್ಮೇರಿಯಾ ಬಳಿಯ ತಬೆರ್ನಾಸ್‌ನಲ್ಲಿ. ಮಳೆ ಕಮ್ಮಿ, ಬಿಸಿಲು ಜಾಸ್ತಿ. 1981ರಲ್ಲಿ ತಲಾ 500 ಕಿಲೋವ್ಯಾಟ್‌ನ ಎರಡು ಸ್ಥಾವರಗಳು ಶುರುವಾದವು. ಒಂದರಲ್ಲಿ ಉದ್ದನೆಯ ಬಾಗಿದ ಕನ್ನಡಿಗಳು, ಇನ್ನೊಂದರಲ್ಲಿ ಸುತ್ತಲಿನ ಕನ್ನಡಿಗಳು ಬಿಸಿಲನ್ನು ತುದಿಗೆ ಕಳಿಸುವ ಗೋಪುರ. ಎರಡನ್ನೂ ಒಂದೇ ಬಿಸಿಲಿನಲ್ಲಿ ಪರೀಕ್ಷೆಗೆ ಇಟ್ಟರೆ ಯಾವುದು ಮೇಲು ಎಂಬ ಜಗಳ ಕಾಗದದ ಮೇಲೆ ಉಳಿಯಲ್ಲ, ಅಲ್ವಾ? ಗೋಪುರದಲ್ಲಿ ಕಾವು ಸಾಗಿಸಲು ಕರಗಿದ ಸೋಡಿಯಂ ಬಳಸಿದ್ದರು. 1986ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಅದೇ ವರ್ಷ ತೈಲದ ಬೆಲೆಯೂ ಕುಸಿದು ಹಲವು ದೇಶಗಳ ಉತ್ಸಾಹ ಇಳಿಯಿತು. ಆ ಜಾಗ ಮುಚ್ಚದೆ ಉಳಿದದ್ದು ಸ್ಪೇನ್ ಮತ್ತು ಜರ್ಮನಿಯಿಂದ.

ಸೋಡಿಯಂ ಜಾಗಕ್ಕೆ ಬಂದದ್ದು ಉಪ್ಪು. ಅಡುಗೆ ಉಪ್ಪಲ್ಲ, ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಮಿಶ್ರಣ. ಕರಗಿಸಿ ಸುಮಾರು 565 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಟ್ಯಾಂಕ್‌ನಲ್ಲಿಟ್ಟರೆ ಸೂರ್ಯ ಮುಳುಗಿದ ಮೇಲೂ ಕರೆಂಟ್ ತೆಗೆಯಬಹುದು. ಕ್ಯಾಲಿಫೋರ್ನಿಯಾದ ಸೋಲಾರ್ ಟೂ ಸ್ಥಾವರ 1996ರಿಂದ 1999ರವರೆಗೆ ಇದನ್ನು ಮಾಡಿ ತೋರಿಸಿತು. ಆದರೆ ಆ ಪಾಠದಿಂದ ಮೊದಲು ದೊಡ್ಡ ಲಾಭ ಪಡೆದದ್ದು ಸ್ಪೇನ್. ಸ್ಪೇನ್‌ನ ಸೆನೆರ್ ಮತ್ತು ಅಬುಧಾಬಿಯ ಮಸ್ದಾರ್ ಕಂಪನಿಗಳು ಸೇರಿ ಕಟ್ಟಿದ ಗೆಮಾಸೋಲಾರ್ ಸ್ಥಾವರ 2011ರಲ್ಲಿ ಶುರುವಾಯಿತು. ಅದರ ಉಪ್ಪಿನಲ್ಲಿ 15 ಗಂಟೆಗೆ ಸಾಕಾಗುವಷ್ಟು ಕಾವು ಇರುತ್ತದೆ.

ಜ್ಞಾನ ಹೀಗೆ ಗಡಿ ದಾಟಿತು. ಹಣದ ಸಹಕಾರ ಮಾತ್ರ ಎಲ್ಲ ಕಡೆ ಒಂದೇ ಥರ ನಡೆಯಲಿಲ್ಲ. ಜಾಗತಿಕ ಪರಿಸರ ನಿಧಿ ಈಜಿಪ್ಟ್, ಮೊರಾಕ್ಕೊ, ಮೆಕ್ಸಿಕೊ, ಭಾರತ ನಾಲ್ಕಕ್ಕೂ ಇಂಥ ಸ್ಥಾವರ ಕಟ್ಟಲು ತಲಾ ಸುಮಾರು 5 ಕೋಟಿ ಡಾಲರ್ ಕೊಡಲು ಮುಂದಾಗಿತ್ತು. ಈಜಿಪ್ಟ್, ಮೊರಾಕ್ಕೊ ಕಟ್ಟಿ ಮುಗಿಸಿದವು. ನಮ್ಮ ಜೋಧ್‌ಪುರದ ಬಳಿಯ ಮಥಾನಿಯಾ ಯೋಜನೆ ವರ್ಷಗಟ್ಟಲೆ ಕಡತದಲ್ಲಿದ್ದು ಕೊನೆಗೆ ಬಿದ್ದುಹೋಯಿತು. ಆಮೇಲೆ ರಾಷ್ಟ್ರೀಯ ಸೌರ ಮಿಷನ್‌ನಲ್ಲಿ 470 ಮೆಗಾವ್ಯಾಟ್‌ನ ಇಂಥ ಯೋಜನೆಗಳನ್ನು ಹಂಚಿದರೂ ಕೆಲವೇ ಸ್ಥಾವರಗಳು ಮೇಲೆದ್ದವು. ಅಷ್ಟರಲ್ಲಿ ಪ್ಯಾನೆಲ್ ಬೆಲೆ ನೆಲಕಚ್ಚಿತ್ತು. ಹಗಲಿನ ಕರೆಂಟಿಗೆ ಕನ್ನಡಿ ಯಾರಿಗೆ ಬೇಕು?

ಸಂಶೋಧನೆ ಮಾತ್ರ ನಿಲ್ಲಲಿಲ್ಲ. 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಸೇರಿ ಸೀರಿಯಸ್ ಎಂಬ ಜಂಟಿ ಕೇಂದ್ರ ಶುರು ಮಾಡಿದವು. ಹಬೆಯ ಬದಲು ಭಾರೀ ಒತ್ತಡದ ಇಂಗಾಲದ ಡೈಆಕ್ಸೈಡ್‌ನಿಂದ ಟರ್ಬೈನ್ ತಿರುಗಿಸಬಹುದೇ ಎಂಬುದು ಅಲ್ಲಿನ ಒಂದು ದೊಡ್ಡ ಪ್ರಶ್ನೆಯಾಗಿತ್ತು.

ಉಪ್ಪಿನ ತಾಪತ್ರಯವೂ ಮುಗಿದಿಲ್ಲ. 2024ರಲ್ಲಿ ಮೊರಾಕ್ಕೊದ ನೂರ್ 3 ಸ್ಥಾವರದ ಟ್ಯಾಂಕ್ ಸೋರಿ, ಉತ್ಪಾದನೆ ತಿಂಗಳುಗಟ್ಟಲೆ ನಿಂತಿತು. ಆದರೂ ದೊಡ್ಡ ಯೋಜನೆಗಳು ಬರುತ್ತಲೇ ಇವೆ. ದುಬೈಯಲ್ಲಿ ಸೌದಿಯ ಅಕ್ವಾ ಪವರ್ ಹೂಡಿಕೆಯಲ್ಲಿ ಚೀನಾದ ಶಾಂಘೈ ಎಲೆಕ್ಟ್ರಿಕ್ ಕಟ್ಟಿದ ಸ್ಥಾವರದ ಗೋಪುರ 262 ಮೀಟರ್ ಎತ್ತರ. ಅಲ್ಲಿ 700 ಮೆಗಾವ್ಯಾಟ್ ಕನ್ನಡಿಗಳಿಂದ, 250 ಮೆಗಾವ್ಯಾಟ್ ಪ್ಯಾನೆಲ್‌ಗಳಿಂದ: ಹಗಲಿಗೆ ಪ್ಯಾನೆಲ್, ಕತ್ತಲಾದ ಮೇಲೆ ಉಪ್ಪು.