ಪದ ಪರಿಚಯ: ಆಹಾರಪೂರಕ (ಪೂರಕ ಆಹಾರ ಅಲ್ಲ!)

ಮೀನು ಸಾಕಣೆಯ ಬರಹ ಯಾವುದನ್ನೇ ತೆಗೆಯಿರಿ, 'ಕಡಲಕಳೆ ಮೀನಿಗೆ ಒಳ್ಳೆಯ ಪೂರಕ ಆಹಾರ' ಎಂಬ ಸಾಲು ಕಣ್ಣಿಗೆ ಹೊಡೆಯುತ್ತದೆ. ಕಡಲಕಳೆ ಅಂದರೆ ಸಮುದ್ರದಲ್ಲಿ ಬೆಳೆಯುವ ಪಾಚಿ, ಇಂಗ್ಲಿಷ್‌ನ ಸೀವೀಡ್. ಅದು ಪೂರಕ ಆಹಾರ ಅಲ್ಲ, ಆಹಾರಪೂರಕ. ಪದ ಹಿಂದುಮುಂದಾದರೆ ಏನು ಮಹಾ ಅನ್ನುವವರಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪೂರಕ ಎಂದರೆ ತುಂಬುವಂಥದ್ದು. ಪ್ರಾಣಾಯಾಮದಲ್ಲಿ ಉಸಿರು ತುಂಬಿಕೊಳ್ಳುವುದು ಪೂರಕ. ಫೇಲಾದವರಿಗೆ ಪೂರಕ ಪರೀಕ್ಷೆ. ಬಜೆಟ್ ಸಾಲದ ಸರ್ಕಾರಕ್ಕೆ ಪೂರಕ ಅಂದಾಜು. ಏನು ಕಡಿಮೆ ಬಿದ್ದಿದೆ, ಎಷ್ಟು ತುಂಬಬೇಕು ಅನ್ನುವುದರ ಮೇಲೆ ಅರ್ಥ ನಿಂತಿದೆ. ಹೊಂಡದ ಕಾಟ್ಲಾ, ರೋಹುಗಳಿಗೆ ನೀರಿನಲ್ಲೇ ಹುಟ್ಟಿ ತೇಲುವ ಸೂಕ್ಷ್ಮಜೀವಿಗಳು, ಅಂದರೆ ಪ್ಲವಕ, ಸಾಲದಾದಾಗ ನಾವು ಹಾಕುವ ತೌಡು, ಶೇಂಗಾ ಹಿಂಡಿ ಪೂರಕ ಆಹಾರ. ಅಲ್ಲಿ ಕೊರತೆಯಾಗಿರುವುದು ಊಟ, ತುಂಬುವುದೂ ಊಟವನ್ನೇ. ಆಹಾರಪೂರಕದ ಮಾತು ಬೇರೆ. ಮೇವು ಆಗಲೇ ಪೂರ್ತಿ ಇದೆ. ಅದರೊಳಗೆ ಚಿಟಿಕೆಯಷ್ಟು ಬೆರೆಸುವುದು. ನೂರು ಕಿಲೋ ಮೇವಿಗೆ ಮೂರೋ ಐದೋ ಕಿಲೋ ಕಡಲಕಳೆ ಪುಡಿ. ಉಪ್ಪಿನಕಾಯಿಯನ್ನೇ ಯಾರೂ ಅನ್ನದ ಹಾಗೆ ಬಡಿಸಿಕೊಳ್ಳುವುದಿಲ್ಲ.

ಯಾಕೆ ಹೆಚ್ಚು ಬೇಡ? ಕಡಲಕಳೆಯಲ್ಲಿ ತುಂಬಿರುವುದು ಖನಿಜ, ಮತ್ತೆ ಆಲ್ಜಿನೇಟ್, ಕ್ಯಾರಜೀನನ್, ಅಗರ್‌ನಂಥ ಅಂಟು ಪದಾರ್ಥಗಳು. ನಾವು ಸಾಕುವ ಹೆಚ್ಚಿನ ಮೀನುಗಳಿಗೆ ಅವು ಜೀರ್ಣವಾಗವು. ಪ್ರಮಾಣ ಮೀರಿದರೆ ಬೆಳವಣಿಗೆ ಕುಂಠಿತ. ಸ್ವಲ್ಪವಿದ್ದಾಗ ಅದೇ ಅಂಟು ಮೇವಿನ ಗುಳಿಗೆಯನ್ನು ನೀರಿನಲ್ಲಿ ಬೇಗ ಕರಗದಂತೆ ಹಿಡಿದಿಡುತ್ತದೆ, ಕಂದು ಕಡಲಕಳೆಯಲ್ಲಿರುವ ಲ್ಯಾಮಿನರಿನ್, ಫ್ಯುಕಾಯ್ಡನ್‌ನಂಥ ಪದಾರ್ಥಗಳು ಮೀನಿನ ರೋಗನಿರೋಧಕ ಶಕ್ತಿಯನ್ನು ಚುರುಕಾಗಿಸುತ್ತವೆ. ಕಡಲಕಳೆಯನ್ನೇ ಹೊಟ್ಟೆತುಂಬ ತಿಂದು ಬೆಳೆಯುವ ಅಬಲೋನ್‌ನಂಥ ಜೀವಿಗಳಿವೆ, ನಿಜ. ಆದರೆ ಅದು ಚಿಪ್ಪಿನ ಪ್ರಾಣಿ, ಮೀನಲ್ಲ.

ಕಡಲಕಳೆ ಮೀನಿಗೆ ಊಟವೇ ಎನ್ನಲು ಇನ್ನು ಕೆಲವರು ತಮಿಳುನಾಡಿನ ಮಂಡಪಂ ಕಡೆಯ ಉದಾಹರಣೆ ಕೊಡುತ್ತಾರೆ. ಅಲ್ಲಿ ಕೋಬಿಯಾ ಮೀನಿನ ಪಂಜರದ ಪಕ್ಕ ಬಿದಿರ ತೆಪ್ಪಕ್ಕೆ ಕಪ್ಪಾಫೈಕಸ್ ಎಂಬ ಕಡಲಕಳೆ ಕಟ್ಟಿ ಬೆಳೆದದ್ದು ಹೌದು. ಆದರೆ ಮೀನಿಗೆ ತಿನ್ನಿಸಲು ಅಲ್ಲ; ಮೀನಿನ ಎಂಜಲು, ಹಿಕ್ಕೆಯಿಂದ ನೀರಿಗೆ ಸೇರುವ ಪೋಷಕಾಂಶವೇ ಅಲ್ಲಿ ಕಡಲಕಳೆಗೆ ಗೊಬ್ಬರ. ಉದಾಹರಣೆ ಪೂರ್ತಿ ತಲೆಕೆಳಗು.

'ಕಳೆ' ಎಂಬ ಹೆಸರೂ ಇಂಗ್ಲಿಷ್‌ನಿಂದ ಹೊತ್ತು ತಂದದ್ದೇ. ಕಿತ್ತು ಕಳೆಯಬೇಕಾದ್ದು ಕಳೆ. ಇದನ್ನೋ ಹಗ್ಗ ಕಟ್ಟಿ ಬೆಳೆಯುತ್ತಾರೆ. ತಮಿಳರು ಕಡಲ್‌ಪಾಸಿ ಅನ್ನುತ್ತಾರೆ, ನಮ್ಮಲ್ಲೂ ಕಡಲಪಾಚಿ ಅಂದರೆ ಸಾಕಿತ್ತು. ಆದರೆ ಪಾಚಿ ಅಂದ ಕೂಡಲೇ ಎಲ್ಲ ಹಸಿರೂ ಒಂದೇ ಆಗಿಬಿಡುವ ಅಪಾಯವಿದೆ.

ಪರಿಚಯದವರೊಬ್ಬರು 'ಪೂರಕ ಆಹಾರ' ಎಂದು ಓದಿ, ತೌಡು ನಿಲ್ಲಿಸಿ, ಹೊಂಡಕ್ಕೆ ಬರೀ 'ಕಡಲಕಳೆ ಪುಡಿ' ಎರಚಿದ್ದರು. ನಾನು ಹೋದಾಗ ಅದು ಗಾಳಿಗೆ ತೇಲಿ ಒಂದು ಮೂಲೆಯಲ್ಲಿ ಹಸಿರು ಕೆನೆಗಟ್ಟಿತ್ತು, ಮೀನು ಇನ್ನೊಂದು ಮೂಲೆಯಲ್ಲಿದ್ದವು. ಚೀಲ ತಿರುಗಿಸಿ ನೋಡಿದೆ: ಸ್ಪಿರುಲಿನಾ. ಕ್ಷಾರ ಸರೋವರಗಳಲ್ಲಿ ಬೆಳೆಯುವ ಸೂಕ್ಷ್ಮಜೀವಿ ಅದು. ಕಡಲಿನದೂ ಅಲ್ಲ, ಕಳೆಯೂ ಅಲ್ಲ.