ಫಾಲ್‌ಔಟ್ ಇತಿಹಾಸ: ಹಕ್ಕು ಯಾರ ಕೈಲಿತ್ತು ಅಂತ ನೋಡಿ

ಪುಣೆಯಲ್ಲಿ ಗೇಮ್ ಡಿಸೈನ್ ಕಲಿಯುತ್ತಿರುವ ನಮ್ಮ ಹುಬ್ಬಳ್ಳಿ, ಬೆಳಗಾವಿ ಗೆಳೆಯರಿಗೆ, ಫಾಲ್‌ಔಟ್ ಎಂಬ ವಿಡಿಯೊ ಗೇಮ್ ಸರಣಿಯ ಬಗ್ಗೆ ಈ ಟಿಪ್ಪಣಿ. ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಪ್ರತಿ ತಿರುವಿನಲ್ಲೂ ಹಕ್ಕು ಯಾರ ಹತ್ತಿರ ಇತ್ತು ಅಂತ ಕೇಳಿಕೊಳ್ಳಿ, ಅರ್ಧ ಕಥೆ ಅಲ್ಲೇ ಸಿಗುತ್ತದೆ.

1988ರಲ್ಲಿ ಇಂಟರ್‌ಪ್ಲೇ ಕಂಪನಿ ವೇಸ್ಟ್‌ಲ್ಯಾಂಡ್ ಎಂಬ ಗೇಮ್ ಮಾಡಿತು. ಅಣುಯುದ್ಧ ಮುಗಿದ ಮೇಲಿನ ಮರುಭೂಮಿಯ ಕಥೆ. ಆದರೆ ಹಕ್ಕು ಪ್ರಕಾಶಕರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಹತ್ತಿರ ಉಳಿಯಿತು. ಹೀಗಾಗಿ ಅದೇ ಜಾಡಿನಲ್ಲಿ, ಬೇರೆ ಹೆಸರಲ್ಲಿ, 1997ರಲ್ಲಿ ಫಾಲ್‌ಔಟ್ ಬಂತು.

ಅದಕ್ಕೂ ಒಂದು ವಿಘ್ನ ಬಂದಿತ್ತು. ಇಂಟರ್‌ಪ್ಲೇಯ ಟಿಮ್ ಕೇನ್ ತಂಡ ಗೇಮನ್ನು ಗರ್ಪ್ಸ್ ಎಂಬ ಟೇಬಲ್‌ಟಾಪ್ ನಿಯಮಗಳ ಮೇಲೆ ಕಟ್ಟುತ್ತಿತ್ತು. ಆ ಲೈಸೆನ್ಸ್ ನಡುವೆಯೇ ಕೈತಪ್ಪಿತು. ಅವಸರದಲ್ಲಿ ಹೊಸೆದ ಬದಲಿ ವ್ಯವಸ್ಥೆಯೇ 'ಸ್ಪೆಷಲ್', ಪಾತ್ರದ ಏಳು ಗುಣಗಳಿಗೆ ಅಂಕಿ ಕೊಡುವ ಪದ್ಧತಿ: ಬಲ, ಗ್ರಹಿಕೆ, ತಾಳಿಕೆ, ವರ್ಚಸ್ಸು, ಬುದ್ಧಿ, ಚುರುಕು, ಅದೃಷ್ಟ. ಬುದ್ಧಿ 3ಕ್ಕಿಂತ ಮೇಲೆ ಹೋಗದ ಹಾಗೆ ಇಟ್ಟು ಆಡಿ ನೋಡಿ. ನಿಮ್ಮ ಪಾತ್ರಕ್ಕೆ ನೆಟ್ಟಗೆ ಮಾತೇ ಬರುವುದಿಲ್ಲ, ಎದುರಿನವರು ಪೆದ್ದನ ಹಾಗೆ ನೋಡುತ್ತಾರೆ. ಅಂಕಿಗೆ ಇಷ್ಟು ಬೆಲೆ ಕೊಟ್ಟ ಗೇಮ್ ಈಗಲೂ ಕಡಿಮೆ.

ಕಥೆ ಮೊದಲಾಗುವುದು ವಾಲ್ಟ್ 13 ಎಂಬ ನೆಲದಡಿಯ ಆಶ್ರಯತಾಣದಲ್ಲಿ ನೀರು ಒದಗಿಸುವ ಯಂತ್ರದ ಬಿಡಿಭಾಗ, ವಾಟರ್ ಚಿಪ್, ಕೆಟ್ಟಾಗ. ಹೊಸದನ್ನು ತರಲು 150 ದಿನ ಗಡುವು. ಹಬ್ ಎಂಬ ಊರಿನ ನೀರಿನ ವ್ಯಾಪಾರಿಗಳಿಗೆ ದುಡ್ಡು ಕೊಟ್ಟು ವಾಲ್ಟಿಗೆ ನೀರು ಕಳಿಸಿದರೆ ಇನ್ನೂ 100 ದಿನ ಸಿಗುತ್ತದೆ. ಪುಣೆಯ ವಾಘೋಲಿಯಲ್ಲಿ ರೂಮ್ ಮಾಡಿಕೊಂಡು ಟ್ಯಾಂಕರ್ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ!

1998ರಲ್ಲಿ ಎರಡನೇ ಭಾಗ ಬಂತು, ಇಂಟರ್‌ಪ್ಲೇಯದೇ ವಿಭಾಗವಾದ ಬ್ಲ್ಯಾಕ್ ಐಲ್ ಹೆಸರಲ್ಲಿ. ಆಮೇಲೆ ಇಂಟರ್‌ಪ್ಲೇ ಕೈಯಲ್ಲಿ ಕಾಸಿಲ್ಲ. 2003ರಲ್ಲಿ ಬ್ಲ್ಯಾಕ್ ಐಲ್ ಮುಚ್ಚಿತು, ತಯಾರಾಗುತ್ತಿದ್ದ ಮೂರನೇ ಭಾಗ ಅಲ್ಲೇ ನಿಂತಿತು. 2007ರಲ್ಲಿ ಬೆಥೆಸ್ಡಾ ಎಂಬ ಇನ್ನೊಂದು ಗೇಮ್ ಕಂಪನಿ 57.5 ಲಕ್ಷ ಡಾಲರ್ ಕೊಟ್ಟು ಇಡೀ ಸರಣಿಯನ್ನೇ ಕೊಂಡಿತು. ಮರುವರ್ಷದ ಫಾಲ್‌ಔಟ್ 3ರಲ್ಲಿ ಮೇಲಿಂದ ನೋಡುವ ನೋಟ ಹೋಗಿ ಪಾತ್ರದ ಕಣ್ಣಿಂದಲೇ ನೋಡುವಂತಾಯಿತು, ಕ್ಯಾಲಿಫೋರ್ನಿಯಾ ಬಿಟ್ಟು ವಾಷಿಂಗ್ಟನ್‌ಗೆ ಹೋಯಿತು. ಆದರೆ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಭಾರತದಲ್ಲಿ ಬಿಡುವುದಿಲ್ಲ ಅಂತ ಮೈಕ್ರೋಸಾಫ್ಟ್ ಆಗ ಹೇಳಿತು. ಸಾಂಸ್ಕೃತಿಕ ಸೂಕ್ಷ್ಮತೆ ಅಂದರೇ ಹೊರತು ಕಾರಣ ಬಿಡಿಸಲಿಲ್ಲ. ಗೇಮಿನಲ್ಲಿರುವ ಎರಡು ತಲೆಯ ದನಗಳ ಹೆಸರು 'ಬ್ರಾಹ್ಮಿನ್' ಅಂತ ಇರುವುದರಿಂದ ಆಟಗಾರರೇ ಊಹೆ ಮಾಡಿಕೊಂಡರು.

2010ರ ನ್ಯೂ ವೇಗಸ್ ನನ್ನ ಮಟ್ಟಿಗೆ ಸರಣಿಯಲ್ಲೇ ಮೇಲು. ಹಕ್ಕು ಬೆಥೆಸ್ಡಾದ್ದೇ, ಆದರೆ ಮಾಡಿದ್ದು ಹಳೇ ಬ್ಲ್ಯಾಕ್ ಐಲ್‌ನವರು ಸೇರಿ ಕಟ್ಟಿದ ಅಬ್ಸಿಡಿಯನ್. ವಿಮರ್ಶೆಗಳ ಸರಾಸರಿ ಅಂಕ ತೋರಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ 85 ಅಂಕ ಬಂದಿದ್ದರೆ ಬೋನಸ್ ಇತ್ತಂತೆ, ಬಂದದ್ದು 84. 2015ರ ಫಾಲ್‌ಔಟ್ 4, 2018ರ ಫಾಲ್‌ಔಟ್ 76 ನಿಮಗೆ ಗೊತ್ತೇ ಇವೆ.

2018ರಲ್ಲಿ ಮೈಕ್ರೋಸಾಫ್ಟ್ ಅಬ್ಸಿಡಿಯನ್ನನ್ನೂ, ವೇಸ್ಟ್‌ಲ್ಯಾಂಡ್ ಈಗ ಯಾರ ಹತ್ತಿರ ಇದೆಯೋ ಆ ಇನ್‌ಎಕ್ಸೈಲ್ ಕಂಪನಿಯನ್ನೂ ಕೊಂಡಿತು, 2021ರಲ್ಲಿ ಬೆಥೆಸ್ಡಾವನ್ನೂ. ಈಗ ಎಲ್ಲಾ ಒಂದೇ ಯಜಮಾನನ ಕೈಲಿದೆ. ಮೊದಲು ಯಾವುದು ಆಡಲಿ ಅಂತ ಕೇಳಿದರೆ 1997ರದ್ದೇ ಶುರು ಮಾಡಿ, ಹಳೇ ಲ್ಯಾಪ್‌ಟಾಪ್ ಇದ್ದರೂ ಸಾಕು.