ಹೊರಗಿನ ಚಿತ್ರೀಕರಣಕ್ಕೆ ಒಯ್ಯುವ ವೈಫೈ ರೂಟರ್: ಆಯ್ಕೆಗೆ ಮುನ್ನ ತಿಳಿದಿರಬೇಕಾದದ್ದು

ಸ್ಟುಡಿಯೋದ ಹೊರಗೆ ಕೆಲಸ ಮಾಡುವ ಛಾಯಾಗ್ರಾಹಕರು ಜೊತೆಗೊಯ್ಯುವ ಪುಟ್ಟ ರೂಟರ್ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡಬಲ್ಲದು. ಕ್ಯಾಮೆರಾದಲ್ಲಿ ಸೆರೆಯಾದ ಚಿತ್ರವನ್ನು ಹತ್ತಿಪ್ಪತ್ತು ಮೀಟರ್ ಆಚೆಯಿರುವ ಲ್ಯಾಪ್‌ಟಾಪಿಗೋ ಟ್ಯಾಬ್ಲೆಟ್ಟಿಗೋ ತಲುಪಿಸುವುದು ಒಂದು ಕೆಲಸ. ಅದೇ ಚಿತ್ರವನ್ನು ಪತ್ರಿಕಾ ಕಚೇರಿಗೋ ಗ್ರಾಹಕರಿಗೋ ಇಂಟರ್ನೆಟ್ ಮೂಲಕ ಕಳುಹಿಸುವುದು ಇನ್ನೊಂದು. ಮೊದಲನೆಯದಕ್ಕೆ ಸಿಮ್ ಕಾರ್ಡ್ ಬೇಕಾಗಿಲ್ಲ, ಇಂಟರ್ನೆಟ್ ಸಂಪರ್ಕವೂ ಬೇಕಾಗಿಲ್ಲ. ಬೆಂಗಳೂರಿನ ಅರಮನೆ ಮೈದಾನದ ಮದುವೆಯಲ್ಲಿ ಚಿತ್ರಗಳನ್ನು ಆಗಿಂದಾಗ್ಗೆ ಪರದೆಯ ಮೇಲೆ ತೋರಿಸುವವರಿಗೆ ಇಷ್ಟೇ ಸಾಕು. ತಮ್ಮ ಅಗತ್ಯ ಇವೆರಡರಲ್ಲಿ ಯಾವುದು ಎಂದು ನಿರ್ಧರಿಸದೆ ಎಸ್.ಪಿ. ರಸ್ತೆಯ ಅಂಗಡಿಗೆ ಹೋದವರಿಗೆ ದುಬಾರಿ ಸಿಮ್ ರೂಟರನ್ನೇ ತೋರಿಸುವ ಸಂಭವ ಹೆಚ್ಚು.

ರೂಟರಿನ ಪೆಟ್ಟಿಗೆಯ ಮೇಲೆ 1200, 1800, 3000 ಎಂದು ಅಚ್ಚಾಗಿರುವ ಅಂಕಿಗಳನ್ನು ಯಾವುದೇ ಒಂದು ಉಪಕರಣಕ್ಕೆ ದೊರೆಯುವ ವೇಗವೆಂದು ಓದಬಾರದು. ಅವು 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡುಗಳೆರಡರ, ಅಂದರೆ ವೈಫೈ ಬಳಸುವ ಎರಡು ರೇಡಿಯೋ ತರಂಗ ಪಟ್ಟಿಗಳ, ಗರಿಷ್ಠ ಸೈದ್ಧಾಂತಿಕ ವೇಗಗಳನ್ನು ಕೂಡಿಸಿ, ಅಂದಾಜಿಗೆ ಪೂರ್ಣಾಂಕ ಮಾಡಿದ ಮೊತ್ತ. ಅದಕ್ಕಿಂತ ಮುಖ್ಯವಾದದ್ದು ಕ್ಯಾಮೆರಾದೊಳಗಿನ ರೇಡಿಯೋ. ಅನೇಕ ಕ್ಯಾಮೆರಾಗಳಲ್ಲಿ ಇರುವುದು ಒಂದೇ ಆಂಟೆನಾ ಮತ್ತು 2.4 ಗಿಗಾಹರ್ಟ್ಸ್ ವೈಫೈ ಮಾತ್ರ. 20 ಮೆಗಾಹರ್ಟ್ಸ್ ಅಗಲದ ಚಾನೆಲಿನಲ್ಲಿ (ಬ್ಯಾಂಡಿನ ಒಂದು ಪಾಲಿನಲ್ಲಿ) ಅಂಥ ಸಂಪರ್ಕದ ಗರಿಷ್ಠ ವೇಗ ಸೆಕೆಂಡಿಗೆ 72 ಮೆಗಾಬಿಟ್. ಬಳಕೆಯಲ್ಲಿ ಅದರ ಅರ್ಧ ಸಿಕ್ಕರೆ ತೃಪ್ತಿಪಡಬೇಕು. 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ (ಸಂಸ್ಕರಿಸದ ಮೂಲ ಚಿತ್ರದ) ಕಡತ ಸುಮಾರು 50 ಮೆಗಾಬೈಟ್, ಅಂದರೆ 400 ಮೆಗಾಬಿಟ್ ಇರುತ್ತದೆಂದು ಇಟ್ಟುಕೊಂಡರೆ, ಅದು ತಲುಪಲು ಹನ್ನೊಂದು ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಇಲ್ಲಿ ರೂಟರನ್ನು ಬದಲಾಯಿಸಿ ಪ್ರಯೋಜನವಿಲ್ಲ. ಹೀಗಾಗಿ ಮೊದಲು ಓದಬೇಕಾದದ್ದು ಕ್ಯಾಮೆರಾದ ಕೈಪಿಡಿಯ ಕೊನೆಯಲ್ಲಿರುವ ತಾಂತ್ರಿಕ ವಿವರಗಳ ಪುಟವನ್ನು. ರಾ ಕಡತ ಕಾರ್ಡಿನಲ್ಲೇ ಉಳಿದು, ಎರಡು ಮೆಗಾಬೈಟಿನ ಜೆಪೆಗ್ ಮಾತ್ರ ಗಾಳಿಯಲ್ಲಿ ಸಾಗುವಂತೆ ಹೊಂದಿಸಿದರೆ ಅದೇ ಸಂಪರ್ಕದಲ್ಲಿ ಚಿತ್ರ ಅರ್ಧ ಸೆಕೆಂಡಿನಲ್ಲಿ ಸಾಗಬಲ್ಲದು. ಆಯ್ಕೆಗೆಂದು ಚಿತ್ರ ನೋಡುವವರಿಗೆ ಅದು ಧಾರಾಳ.

ಕ್ಯಾಮೆರಾದಲ್ಲಿ 5 ಗಿಗಾಹರ್ಟ್ಸ್ ಸೌಲಭ್ಯವಿದ್ದರೆ ಬೆಂಗಳೂರಿನಲ್ಲಿ ಅದನ್ನೇ ಬಳಸುವುದು ಲೇಸು. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲುಗಳು 1, 6 ಮತ್ತು 11 ಮಾತ್ರ. ಕೋರಮಂಗಲದ ಅಪಾರ್ಟ್‌ಮೆಂಟ್ ಒಂದರಲ್ಲಿ ಒಳಾಂಗಣದ ಚಿತ್ರ ತೆಗೆಯುವಾಗ ಈ ಮೂರನ್ನೂ ಅಕ್ಕಪಕ್ಕದ ಮನೆಗಳ ರೂಟರುಗಳು ಹಂಚಿಕೊಂಡಿರುತ್ತವೆ. 5 ಗಿಗಾಹರ್ಟ್ಸಿನಲ್ಲಿ ಚಾನೆಲುಗಳು ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಭಾರತದಲ್ಲಿ 2018ರ ಅಧಿಸೂಚನೆಯ ನಂತರ ಈ ಬ್ಯಾಂಡಿನ ಹೆಚ್ಚಿನ ಭಾಗವನ್ನು ಹೊರಾಂಗಣದಲ್ಲಿಯೂ ಪರವಾನಗಿಯಿಲ್ಲದೆ ಬಳಸಬಹುದು. ಆದರೆ 52ರಿಂದ 144ರವರೆಗಿನ ಚಾನೆಲುಗಳಲ್ಲಿ ಹಲವು ರೂಟರುಗಳು ರೇಡಾರ್ ಇದೆಯೇ ಎಂದು ಒಂದು ನಿಮಿಷವಾದರೂ ಆಲಿಸಿದ ನಂತರವೇ ಪ್ರಸಾರ ಆರಂಭಿಸುತ್ತವೆ, ರೇಡಾರ್ ಸಂಕೇತ ಕಂಡರೆ ನಡುವೆಯೇ ಚಾನೆಲ್ ಬದಲಾಯಿಸುತ್ತವೆ. ತಾಳಿ ಕಟ್ಟುವ ಹೊತ್ತಿಗೆ ಹೀಗಾಗುವುದು ಯಾರಿಗೂ ಬೇಡ. ಆದ್ದರಿಂದ 36ರಿಂದ 48ರೊಳಗೆ ಅಥವಾ 149ರಿಂದ ಮೇಲೆ ಒಂದು ಚಾನೆಲನ್ನು ಕೈಯಾರೆ ಗೊತ್ತುಪಡಿಸಲು ಅವಕಾಶವಿರುವ ರೂಟರನ್ನೇ ಆರಿಸಬೇಕು. ಎರಡೂ ಬ್ಯಾಂಡುಗಳಿಗೆ ಬೇರೆ ಬೇರೆ ಹೆಸರು ಕೊಡುವ ಸೌಲಭ್ಯವೂ ಇರಬೇಕು; ಇಲ್ಲವಾದರೆ ಕ್ಯಾಮೆರಾ ತನಗೆ ತೋಚಿದ ಬ್ಯಾಂಡಿಗೆ ಜಿಗಿಯುತ್ತದೆ.

ಬಸವನಗುಡಿಯ ಕಡಲೆಕಾಯಿ ಪರಿಷೆಯಂತಹ ಜನಜಂಗುಳಿಯಲ್ಲಿ ಅಡ್ಡಿಯಾಗುವುದು ಗೋಡೆಗಳಿಗಿಂತ ಮನುಷ್ಯರ ಮೈ. ದೇಹದಲ್ಲಿರುವ ನೀರು ರೇಡಿಯೋ ಅಲೆಗಳನ್ನು ಹೀರಿಕೊಳ್ಳುವುದರಿಂದ, ಚೀಲದಲ್ಲಿಟ್ಟ ರೂಟರಿಗಿಂತ ಲೈಟ್ ಸ್ಟ್ಯಾಂಡಿನ ಮೇಲೆ, ಜನರ ತಲೆಗಿಂತ ಎತ್ತರದಲ್ಲಿ ಕಟ್ಟಿದ ರೂಟರ್ ಹೆಚ್ಚು ದೂರ ತಲುಪುತ್ತದೆ. ಕಡ್ಡಿಯಂಥ ಆಂಟೆನಾ ಇದ್ದರೆ ಅದನ್ನು ನೆಟ್ಟಗೆ ನಿಲ್ಲಿಸಬೇಕು, ಏಕೆಂದರೆ ಅದರ ತುದಿಯ ದಿಕ್ಕಿನಲ್ಲಿ ಅಲೆ ಅತಿ ದುರ್ಬಲವಾಗಿರುತ್ತದೆ.

ಕ್ಯಾಮೆರಾದಿಂದ ಎಫ್‌ಟಿಪಿ (ನೆಟ್‌ವರ್ಕಿನಲ್ಲಿ ಕಡತ ಕಳುಹಿಸುವ ಒಂದು ವಿಧಾನ) ಮೂಲಕ ಲ್ಯಾಪ್‌ಟಾಪಿಗೆ ಚಿತ್ರ ಕಳುಹಿಸುವ ಕ್ರಮದಲ್ಲಿ ಕ್ಯಾಮೆರಾ ಲ್ಯಾಪ್‌ಟಾಪಿನ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು) ನೆನಪಿಟ್ಟುಕೊಳ್ಳುತ್ತದೆ. ರೂಟರ್ ಮತ್ತೆ ಚಾಲೂ ಆದಾಗ ಆ ವಿಳಾಸ ಬದಲಾದರೆ ಕ್ಯಾಮೆರಾ ಬರಿದೇ ಕಾಯುತ್ತಿರುತ್ತದೆ. ಲ್ಯಾಪ್‌ಟಾಪಿಗೆ ವಿಳಾಸವನ್ನು ಕಾಯ್ದಿರಿಸುವ ಸೌಲಭ್ಯ ಇದಕ್ಕಾಗಿಯೇ ಬೇಕು. ಒಂದು ಉಪಕರಣ ಇನ್ನೊಂದನ್ನು ಕಾಣದಂತೆ ತಡೆಯುವ ಐಸೊಲೇಶನ್ ಆಯ್ಕೆ ಅತಿಥಿ ನೆಟ್‌ವರ್ಕಿನಲ್ಲಿ ಸಾಮಾನ್ಯವಾಗಿ ಚಾಲೂ ಇರುವುದರಿಂದ ಆ ನೆಟ್‌ವರ್ಕನ್ನು ಬಳಸಲೇಬಾರದು. ಲ್ಯಾಪ್‌ಟಾಪಿನ ಫೈರ್‌ವಾಲ್ ಎಫ್‌ಟಿಪಿಗೆ ಅನುಮತಿ ಕೊಟ್ಟಿದೆಯೇ ಎಂಬುದನ್ನು ಮನೆಯಲ್ಲೇ ನೋಡಿಕೊಳ್ಳಬೇಕು. ಚಿತ್ರ ನೋಡಲು ಮೊಬೈಲ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಇಂಟರ್ನೆಟ್ ಇಲ್ಲದ ವೈಫೈಯನ್ನು ಫೋನ್ ತಾನಾಗಿ ಬಿಟ್ಟು ಮೊಬೈಲ್ ಡೇಟಾಗೆ ಹೊರಳುವುದುಂಟು, ಆ ಸ್ವಯಂಚಾಲಿತ ಆಯ್ಕೆಯನ್ನು ಆಫ್ ಮಾಡಿಡಬೇಕು.

ಇಂಟರ್ನೆಟ್ ನಿಜಕ್ಕೂ ಬೇಕಾದವರು ಸುದ್ದಿ ಮತ್ತು ಕ್ರೀಡಾ ಛಾಯಾಗ್ರಾಹಕರು. ಚಿನ್ನಸ್ವಾಮಿ ಕ್ರೀಡಾಂಗಣ ತುಂಬಿದಾಗ ಒಂದೇ ಟವರನ್ನು ಸಾವಿರಾರು ಫೋನುಗಳು ಹಂಚಿಕೊಳ್ಳುತ್ತವೆ. ಸಿಗ್ನಲ್ ಗೆರೆಗಳು ಪೂರ್ತಿ ಕಂಡರೂ ಅಪ್‌ಲೋಡ್ ತೆವಳುತ್ತದೆ. ಎರಡು ಬೇರೆ ಕಂಪನಿಗಳ ಸಿಮ್ ಹಾಕಬಹುದಾದ ರೂಟರಿಗೆ ಇಲ್ಲಿ ಅರ್ಥವಿದೆ. ಉಳಿದವರಿಗೆ ಯುಎಸ್‌ಬಿಯಲ್ಲಿ ಫೋನ್ ಸಿಕ್ಕಿಸಿ ಅದರ ಡೇಟಾವನ್ನು ಪಡೆಯಬಲ್ಲ ಸಾದಾ ಪ್ರಯಾಣದ ರೂಟರ್ ಸಾಕೆಂಬುದು ನನ್ನ ಅಭಿಪ್ರಾಯ. ಹೋಟೆಲಿನ ವೈಫೈಗೆ ಬ್ರೌಸರಿನಲ್ಲಿ ಲಾಗಿನ್ ಆಗಬೇಕಾದಾಗಲೂ ಇಂಥ ರೂಟರ್ ಉಪಕಾರಿ, ಏಕೆಂದರೆ ಆ ಲಾಗಿನ್ ಪುಟವನ್ನು ತೆರೆಯಲು ಸಾಮಾನ್ಯ ಕ್ಯಾಮೆರಾದಲ್ಲಿ ಬ್ರೌಸರ್ ಇರುವುದಿಲ್ಲ. ಸಾದಾ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಕೂಡ ಬಯಲಾಗಿ ಸಾಗುವುದರಿಂದ, ಕಚೇರಿಯ ಸರ್ವರಿಗೆ ಕಳುಹಿಸುವಾಗ ಗೂಢಲಿಪಿಯಿರುವ ಎಫ್‌ಟಿಪಿಎಸ್ ಅಥವಾ ಎಸ್‌ಎಫ್‌ಟಿಪಿಯನ್ನೇ ಆರಿಸಬೇಕು.

ವಿದ್ಯುತ್ತಿನ ಲೆಕ್ಕ ಸರಳವಾಗಿದೆ. 10,000 ಎಂಎಎಚ್ ಪವರ್‌ಬ್ಯಾಂಕಿನ ಕೋಶಗಳಲ್ಲಿ 3.7 ವೋಲ್ಟಿನಂತೆ 37 ವ್ಯಾಟ್-ಗಂಟೆಯಿದ್ದು, ಪರಿವರ್ತನೆಯ ನಷ್ಟ ಕಳೆದು ಸುಮಾರು 30 ಉಳಿಯುತ್ತದೆ; 5 ವ್ಯಾಟ್ ಬೇಡುವ ರೂಟರ್ ಅದರಿಂದ ಆರು ಗಂಟೆ ನಡೆಯುತ್ತದೆ. ಹಿಂದಿನ ಸಂಜೆಯ ಆರತಕ್ಷತೆಯಿಂದ ಮರುದಿನದ ಮುಹೂರ್ತದವರೆಗೆ ನಡೆಯುವ ಮದುವೆಗೆ ಅಂಥವು ಎರಡಾದರೂ ಬೇಕು, ಮತ್ತು 12 ವೋಲ್ಟ್ ಅಡಾಪ್ಟರ್ ಬೇಡುವ ರೂಟರಿಗಿಂತ ಟೈಪ್-ಸಿ ಕೇಬಲಿನಲ್ಲಿ 5 ವೋಲ್ಟಿಗೆ ನಡೆಯುವುದು ಹೆಚ್ಚು ಅನುಕೂಲಕರ.